ಯಶವಂತಪುರದಿಂದಲೇ ವಾಪಸ್ ಹೋದ ಹುಡುಗ: ಒಂದು ಇಂಟರ್‌ವ್ಯೂ ಪ್ರಕರಣ

ನನ್ನ ಅಕ್ಕನ ಮಗ ಮೂರನೇ ಇಂಟರ್‌ವ್ಯೂಗೆ ಅಂತ ತಿಪಟೂರಿನಲ್ಲಿ ಬೆಳಗಿನ ರೈಲು ಹತ್ತಿದ. ಯಶವಂತಪುರದಲ್ಲಿ ಇಳಿದ. ಅಲ್ಲಿಂದ ಮೆಟ್ರೋದಲ್ಲಿ ಗೊರಗುಂಟೆಪಾಳ್ಯ, ಆಮೇಲೆ ಪೀಣ್ಯ. ಎರಡೇ ಸ್ಟಾಪು. ಅವನು ಮೆಟ್ರೋ ಹತ್ತಲೇ ಇಲ್ಲ. ಫೈಲನ್ನು ತೊಡೆ ಮೇಲಿಟ್ಟುಕೊಂಡು ಪ್ಲಾಟ್‌ಫಾರಂ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದ. ಆಮೇಲೆ ಸಿಕ್ಕಿದ ರೈಲಿಗೆ ಊರಿಗೆ ವಾಪಸ್ ಹೋದ. ಮನೆಯಲ್ಲಿ 'ಪೋಸ್ಟ್ ತುಂಬಿಹೋಗಿತ್ತಂತೆ' ಅಂದ.

ಈ ಸುಳ್ಳು ಹದಿನೈದು ದಿನ ಬದುಕಿತ್ತು. ಆಮೇಲೆ ಅಕ್ಕನಿಗೆ ಗೊತ್ತಾಯಿತು. ಅಕ್ಕ ನನಗೆ ಫೋನ್ ಮಾಡಿ, 'ನಿಮ್ಮನೇಲಿ ಒಂದಷ್ಟು ದಿನ ಇಟ್ಕೊಳೋ, ಏನಾಗಿದೆ ನೋಡು' ಅಂದಳು. ಹುಡುಗ ಬ್ಯಾಗು ಹಿಡಿದು ಬಾಗಲಗುಂಟೆಯ ನಮ್ಮ ಮನೆಗೆ ಬಂದ. ಹನ್ನೆರಡು ದಿನ ಇದ್ದ. ಆ ಹನ್ನೆರಡು ದಿನ ಏನೇನು ಮಾಡಿದೆವು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಇಲ್ಲಿ ಬರೆದಿದ್ದೇನೆ. ಅವನನ್ನು ಕೇಳಿಯೇ ಬರೆದದ್ದು. 'ಹೆಸರು ಮಾತ್ರ ಹಾಕ್ಬೇಡಿ ಮಾವ' ಅಂದ. ಹಾಕಿಲ್ಲ.

ನನ್ನ ಬಗ್ಗೆಯೂ ಒಂದು ಮಾತು. ನಾನು ಮಷೀನಿಂಗ್ ಕಂಪನಿಯೊಂದರ ಕ್ವಾಲಿಟಿ ವಿಭಾಗದವನು. ಹನ್ನೊಂದು ವರ್ಷದಿಂದ ಇಂಟರ್‌ವ್ಯೂ ಟೇಬಲ್ಲಿನ ಆ ಕಡೆ ಕೂರುತ್ತಿದ್ದೇನೆ. ಅಂದರೆ ಹುಡುಗರನ್ನು ಹೆದರಿಸುವವರ ಪೈಕಿ ನಾನೂ ಒಬ್ಬ.

ಹುಡುಗ ಮತ್ತು ಅವನ ಮೂರು ಸೋಲು

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಆಮೇಲೆ ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ, 71 ಪರ್ಸೆಂಟ್. ಅಪ್ಪನಿಗೆ ತೆಂಗಿನ ತೋಟ. ತೋಟದ ಪಂಪು ಕೆಟ್ಟರೆ ಮೆಕ್ಯಾನಿಕ್ಕನ್ನು ಕರೆಸುವ ರೂಢಿ ಆ ಮನೆಯಲ್ಲಿ ನಿಂತುಹೋಗಿದೆ, ಇವನೇ ಬಿಚ್ಚಿ ಜೋಡಿಸುತ್ತಾನೆ. ಕಬಡ್ಡಿಯಲ್ಲಿ ಒಳ್ಳೆ ರೈಡರ್. ಮನೆಯಲ್ಲಿ ಬಾಯಿ ಜಾಸ್ತಿ. ಇಂಥವನು ಇಂಟರ್‌ವ್ಯೂ ರೂಮಿಗೆ ಹೋದರೆ ಮೂಕನಾಗುತ್ತಾನೆ ಅಂದರೆ ನನಗೆ ಮೊದಲು ನಂಬಿಕೆಯೇ ಬರಲಿಲ್ಲ.

ಮೊದಲನೆಯದು ಕ್ಯಾಂಪಸ್ ಇಂಟರ್‌ವ್ಯೂ. 'ನಿಮ್ಮ ಬಗ್ಗೆ ಹೇಳಿ' ಅಂದರು. ಸೀನಿಯರ್ ಒಬ್ಬ ಕೊಟ್ಟಿದ್ದ ಇಂಗ್ಲಿಷ್ ಪ್ಯಾರಾ ಒಂದನ್ನು ಉರು ಹೊಡೆದಿದ್ದ. ಎರಡು ವಾಕ್ಯ ಸರಾಗವಾಗಿ ಬಂತು. ಮೂರನೆಯದು ಮರೆತುಹೋಯಿತು. ಉರು ಹೊಡೆದದ್ದರ ತೊಂದರೆಯೇ ಅದು, ಮಧ್ಯದಿಂದ ಶುರು ಮಾಡೋಕಾಗಲ್ಲ. ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಅದೇ ಜಾಗದಲ್ಲಿ ನಿಂತ. ಅವರು 'ಓಕೆ, ಥ್ಯಾಂಕ್ಯೂ' ಅಂದರು.

ಎರಡನೆಯದು ಪೀಣ್ಯದ ಒಂದು ಸಣ್ಣ ಘಟಕದಲ್ಲಿ. ಪೀಸಿನ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್‌ನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, ಎಷ್ಟು ಅಂತ ಕೇಳಿದರು. ನಿದ್ದೆಯಲ್ಲಿ ಕೇಳಿದರೂ ಹೇಳುವಂಥದ್ದು, 0.02 ಮಿಲಿಮೀಟರ್. ಇವನ ಬಾಯಿಂದ '0.2' ಅಂತ ಬಂತು. ಹೇಳಿದ ತಕ್ಷಣ ತಪ್ಪು ಅಂತ ಇವನಿಗೇ ಗೊತ್ತಾಯಿತು. ಅಷ್ಟರಲ್ಲಿ ಎದುರಿಗಿದ್ದವರು ತಲೆ ಬಗ್ಗಿಸಿ ಏನೋ ಬರೆದುಕೊಂಡರು. 'ಅಲ್ಲಿಗೆ ಮುಗೀತು ಮಾವ. ಆಮೇಲೆ ಅವರು ಏನು ಕೇಳಿದ್ರು ಅಂತಾನೇ ಕೇಳಿಸ್ಲಿಲ್ಲ' ಅಂದ.

ಮೂರನೆಯದು ಯಶವಂತಪುರದ ಬೆಂಚು.

ಎಲ್ಲಿ ಕೆಡುತ್ತಿತ್ತು

ನನ್ನ ಕಸುಬಿನಲ್ಲಿ ಒಂದು ಪೀಸು ರಿಜೆಕ್ಟ್ ಆದರೆ ಆಪರೇಟರ್‌ಗೆ ಬೈಯುವುದಕ್ಕೆ ಮುಂಚೆ ಹಿಂದಿನ ಒಂದೊಂದೇ ಹಂತ ನೋಡುತ್ತೇವೆ. ಇವನ ವಿಷಯದಲ್ಲೂ ಹಾಗೇ ಮಾಡಿದೆ. ಎರಡನೇ ಇಂಟರ್‌ವ್ಯೂನ ಹಿಂದಿನ ರಾತ್ರಿಯಿಂದ ನಿಮಿಷ ನಿಮಿಷವೂ ಹೇಳಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ.

ರಾತ್ರಿ ಲಗ್ಗೆರೆಯಲ್ಲಿ ಗೆಳೆಯನ ರೂಮಿನಲ್ಲಿ ಮಲಗಿದ್ದ. (ಎರಡು ಮೂರು ಮೈಲಿ ದೂರದಲ್ಲಿ ನಮ್ಮ ಮನೆ ಇದೆ! 'ಕೆಲಸ ಸಿಗದೇ ಇದ್ರೆ ನಿಮಗೆ ಮುಖ ತೋರ್ಸೋದು ಹೆಂಗೆ ಅಂತ ಬರ್ಲಿಲ್ಲ' ಅಂದ.) ಮೂರು ಗಂಟೆ ನಿದ್ದೆ. ಬೆಳಗ್ಗೆ ತಿಂಡಿ ಇಲ್ಲ. ಚುರುಕಾಗಿರಲಿ ಅಂತ ಮೂರು ಲೋಟ ಕಾಫಿ. ಕಾಫಿಯ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 5 ಗಂಟೆ ಬೇಕು. ಖಾಲಿ ಹೊಟ್ಟೆ, ನಿದ್ದೆಗೆಟ್ಟ ತಲೆ, ಮೂರು ಕಾಫಿ. ಹುಲಿ ಬೇರೆ ಬರಬೇಕಾಗಿರಲಿಲ್ಲ, ಎದೆ ಹಾಗೇ ಹೊಡೆದುಕೊಳ್ಳುತ್ತಿತ್ತು.

ಆದರೆ ಇದಿಷ್ಟೇ ಅಲ್ಲ. ಇಂಗ್ಲಿಷ್ ಬರಲ್ಲ ಅನ್ನೋದೇ ತನ್ನ ರೋಗ ಅಂತ ಅವನು ನಂಬಿದ್ದ. ಅಕ್ಕನೂ ಅದನ್ನೇ ಹೇಳುತ್ತಿದ್ದಳು. ನೋಟ್‌ಬುಕ್ ನೋಡಿದರೆ ಕಥೆ ಬೇರೆ. ಎರಡೂ ಸಲ ಅವನು ಬಿದ್ದದ್ದು ಪ್ರಶ್ನೆ ಅರ್ಥವಾಗದೆ ಅಲ್ಲ. 0.02 ಹೇಳೋಕೆ ಯಾವ ಇಂಗ್ಲಿಷ್ ಬೇಕು? ಎರಡೂ ಸಲ ಬಿದ್ದದ್ದು ಎದುರಿಗಿದ್ದವರು ಸುಮ್ಮನಿದ್ದಾಗ. ಅವರು ತಲೆ ಆಡಿಸಲಿಲ್ಲ, ನಗಲಿಲ್ಲ, ಬರೆದುಕೊಂಡರು. ಆ ಮೌನಕ್ಕೆ ಇವನು ತಾನೇ ಒಂದು ಅರ್ಥ ಕೊಟ್ಟ: 'ನಾನು ಫೇಲ್.' ಆಮೇಲೆ ತಲೆಯಲ್ಲಿ ಆ ಒಂದೇ ವಾಕ್ಯ ತಿರುಗುತ್ತಿತ್ತು, ಪ್ರಶ್ನೆಗೆ ಜಾಗವೇ ಇರಲಿಲ್ಲ.

ಇದು ಇವನೊಬ್ಬನ ಕಥೆ ಅಲ್ಲ. ಮನುಷ್ಯನಿಗೆ ಪ್ರಯೋಗಾಲಯದಲ್ಲಿ ಒತ್ತಡ ತರಿಸೋದು ಹೇಗೆ ಅಂತ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಕ್ಲೆಮೆನ್ಸ್ ಕಿರ್ಶ್‌ಬಾಮ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಇವತ್ತಿಗೂ ಒತ್ತಡದ ಸಂಶೋಧನೆಯಲ್ಲಿ ಅದನ್ನೇ ಬಳಸುತ್ತಾರೆ. ಅದು ಏನು ಗೊತ್ತಾ? ಸುಳ್ಳು ಇಂಟರ್‌ವ್ಯೂ! ಕೆಲಸಕ್ಕೆ ನಾನೇ ಸರಿಯಾದವನು ಅಂತ ಒಂದು ತಂಡದ ಮುಂದೆ 5 ನಿಮಿಷ ಮಾತಾಡಬೇಕು. ತಂಡದವರು ಮುಖದಲ್ಲಿ ಒಂದು ಗೆರೆಯನ್ನೂ ಅಲುಗಾಡಿಸುವ ಹಾಗಿಲ್ಲ. ಅದಾದ ಮೇಲೆ 1022ರಿಂದ 13 ಕಳೆಯುತ್ತಾ ಹೋಗಬೇಕು, ತಪ್ಪಿದರೆ ಮೊದಲಿನಿಂದ. ಇಷ್ಟಕ್ಕೇ ಜನರ ಎದೆಬಡಿತ ಏರುತ್ತದೆ, ಕಾರ್ಟಿಸಾಲ್ ಅನ್ನೋ ಹಾರ್ಮೋನು ಏರುತ್ತದೆ. ಅಂದರೆ ಕಲ್ಲು ಮುಖದ ಮುಂದೆ ನಿಂತು ತನ್ನ ಬಗ್ಗೆ ಮಾತಾಡಿದರೆ ಯಾರ ಮೈ ಆದರೂ ಹೀಗೇ ಆಡುತ್ತದೆ. ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. 'ಹಂಗಾದ್ರೆ ನಂಗೊಬ್ಬಂಗೇ ಅಲ್ವಾ ಮಾವ?' ಅಂದ. ಆ ಹನ್ನೆರಡು ದಿನದಲ್ಲಿ ಅವನ ಮುಖ ಮೊದಲ ಸಲ ಸಡಿಲವಾದದ್ದು ಆಗಲೇ.

ಭಾವ ಹೇಳಿದ ಮಾತು

ಎರಡನೇ ದಿನ ಭಾನುವಾರ. ಭಾವ ಊರಿಂದ ಒಂದು ಚೀಲ ತೆಂಗಿನಕಾಯಿ, ಒಂದಷ್ಟು ಉಂಡೆ ಕೊಬ್ಬರಿ ಹಿಡಿದು ಬಂದಿದ್ದರು. ಮಗನ ವಿಷಯ ಮಾತಾಡುತ್ತಾ ಕೂತಿದ್ದೆವು. ಎದುರಿಗಿದ್ದವರ ಮುಖ ನೋಡಿ ಹೆದರುತ್ತಾನೆ ಅಂತ ನಾನು ಹೇಳಿದೆ. ಭಾವ ಮಾತು ಕಡಿಮೆ. ಕೈಯಲ್ಲಿದ್ದ ಕೊಬ್ಬರಿಯನ್ನು ಕಿವಿ ಹತ್ತಿರ ಅಲ್ಲಾಡಿಸುತ್ತಾ ಹೇಳಿದರು:

'ಎಪಿಎಂಸೀಲಿ ನಂ ಕೊಬ್ಬರಿ ನೋಡೋನು ನಗ್ತಾ ನೋಡ್ತಾನೇನೋ? ಮುಖ ಗಂಟಾಕ್ಕೊಂಡೇ ನೋಡೋದು. ನಕ್ಕರೆ ರೇಟು ಏರುತ್ತಲ್ಲ! ನಾನು ಮೂವತ್ತು ವರ್ಷದಿಂದ ನಿಂತಿದೀನಿ ಅವನ ಮುಂದೆ. ಅವನ ಮುಖ ನೋಡ್ಬೇಡ. ನಿನ್ನ ಕೊಬ್ಬರಿ ನೋಡ್ಕೊ.'

ಇಷ್ಟು ಹೇಳಿ ಕಾಫಿ ಕುಡಿದು ಎದ್ದರು. ನಾನು ಟ್ರಿಯರ್ ವಿಶ್ವವಿದ್ಯಾಲಯ ಅಂತ ಅರ್ಧ ಗಂಟೆ ಕೊರೆದದ್ದು ಈ ನಾಲ್ಕು ಮಾತಿನ ಮುಂದೆ ಸಪ್ಪೆ ಅನ್ನಿಸಿತು. ಹನ್ನೆರಡು ದಿನವೂ ನಮ್ಮ ಮನೆಯಲ್ಲಿ ಓಡಿದ್ದು ಇದೇ ಮಾತು. ಅವನು ಮಾತಾಡುತ್ತಾ ನನ್ನ ಮುಖದ ಕಡೆ ಕಣ್ಣು ಹಾಯಿಸಿದರೆ ಸಾಕು, ಅಡುಗೆಮನೆಯಿಂದ ನನ್ನ ಹೆಂಡತಿ 'ಕೊಬ್ಬರಿ!' ಅಂತ ಕೂಗುತ್ತಿದ್ದಳು.

ಸರಿ, ಇವನ ಕೊಬ್ಬರಿ ಯಾವುದು? ಅದನ್ನು ಮೊದಲು ಹುಡುಕಬೇಕಿತ್ತು.

ಅಜ್ಜಿಗೆ ವರ್ನಿಯರ್ ಪಾಠ

ನನ್ನ ಹತ್ತಿರ ಹಳೇ ಮಿಟುಟೊಯೊ ವರ್ನಿಯರ್ ಒಂದಿದೆ. ಅದನ್ನು ಅವನ ಕೈಗೆ ಕೊಟ್ಟು, 'ಅಜ್ಜಿಗೆ ಇದನ್ನ ಅರ್ಥ ಮಾಡಿಸು, ಇಂಗ್ಲಿಷ್ ಬೇಡ' ಅಂದೆ. ಅಜ್ಜಿ ಅಂದರೆ ನನ್ನ ಅಮ್ಮ, ಎಪ್ಪತ್ತೆಂಟು ವಯಸ್ಸು. ಹುಡುಗ ತನ್ನಪ್ಪ ತಂದಿದ್ದ ಉಂಡೆ ಕೊಬ್ಬರಿಯನ್ನೇ ಎರಡು ದವಡೆಗಳ ಮಧ್ಯೆ ಹಿಡಿದ.

'ನೋಡಜ್ಜಿ, ಮೇಲಿನ ಗೆರೆ ಒಂದೊಂದು ಒಂದು ಮಿಲಿಮೀಟ್ರು. ಕೆಳಗಿನ ಜಾರುಪಟ್ಟಿಯಲ್ಲಿ 50 ಮನೆ ಇದೆ. ಆದ್ರೆ ಆ 50 ಮನೆ ಸೇರಿ 49 ಮಿಲಿಮೀಟ್ರಲ್ಲೇ ಕೂತಿದೆ. ಅಂದ್ರೆ ಕೆಳಗಿನ ಒಂದೊಂದು ಮನೆ ಮೇಲಿನದಕ್ಕಿಂತ ಒಂದು ಚೂರು ಚಿಕ್ಕದು. ಆ ಚೂರೇ 0.02.' ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, 'ಅಷ್ಟು ಸಣ್ಣದು ಅಳೆದು ಏನ್ ಮಾಡ್ತೀಯೋ?' ಅಂದರು. ಬೇರಿಂಗ್ ಕೂರುವ ಶಾಫ್ಟು ಅಷ್ಟೇ ಅಷ್ಟು ದಪ್ಪ ಆದರೂ ಬೇರಿಂಗ್ ಹೇಗೆ ಬಿಸಿಯಾಗಿ ಹಾಳಾಗುತ್ತದೆ, ತೋಟದ ಪಂಪು ಯಾಕೆ ಕಿರ್ ಅನ್ನುತ್ತದೆ ಅಂತ ಹತ್ತು ನಿಮಿಷ ಹೇಳಿದ. ಕೈ ಆಡುತ್ತಿತ್ತು, ಕಣ್ಣು ಹೊಳೆಯುತ್ತಿತ್ತು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಈ ಹತ್ತು ನಿಮಿಷ ಇಂಟರ್‌ವ್ಯೂನಲ್ಲಿ ಯಾರಾದರೂ ಹೀಗೆ ಮಾತಾಡಿದ್ದರೆ ನಾನು ಅಲ್ಲೇ ಸೈನ್ ಹಾಕುತ್ತಿದ್ದೆ.

ಅವನ ಕೊಬ್ಬರಿ ಅದೇ. ಕೈಯಾರೆ ಮಾಡಿದ ಕೆಲಸ. ಆಮೇಲೆ 'ನಿಮ್ಮ ಬಗ್ಗೆ ಹೇಳಿ' ಅನ್ನೋ ಪ್ರಶ್ನೆಗೆ ಆ ಉರು ಹೊಡೆದ ಪ್ಯಾರಾವನ್ನು ಬಿಸಾಕಿದೆವು. ನಾಲ್ಕು ವಿಷಯ ಮಾತ್ರ ಇಟ್ಟುಕೊಂಡ: ಊರು, ಡಿಪ್ಲೊಮಾ, ಕೈಯಾರೆ ಮಾಡಿದ ಒಂದು ಕೆಲಸ, ಈ ಕೆಲಸಕ್ಕೆ ಯಾಕೆ ಬಂದೆ. ವಾಕ್ಯ ಬರೆದುಕೊಳ್ಳಲಿಲ್ಲ. ದಿನಾ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಿದ್ದ. ವಾಕ್ಯ ಮರೆಯಬಹುದು, ಪಂಪು ಬಿಚ್ಚಿದ್ದು ಮರೆಯೋದು ಹೇಗೆ?

ಭಾಷೆಯ ವಿಷಯಕ್ಕೆ ಜಾಸ್ತಿ ಹೊತ್ತು ಕೊಡಲಿಲ್ಲ. ಕಷ್ಟವಾದಾಗ 'ಇದನ್ನು ಕನ್ನಡದಲ್ಲಿ ಹೇಳಬಹುದಾ ಸಾರ್?' ಅಂತ ಕೇಳೋದನ್ನು ಕಲಿಸಿದೆ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಐಎಎಸ್‌ಗೆ ಯುಪಿಎಸ್‌ಸಿ ಮಾಡುವ 275 ಅಂಕದ ಸಂದರ್ಶನಕ್ಕೇ ಕನ್ನಡದಲ್ಲಿ ಉತ್ತರಿಸಲು ಅವಕಾಶ ಇದೆ. ಪೀಣ್ಯದ ಶೆಡ್ಡಿನಲ್ಲಿ ಯಾಕೆ ಇರಬಾರದು?

ಕಲ್ಲು ಮುಖದ ಅಭ್ಯಾಸ

ನಾಲ್ಕನೇ ದಿನದಿಂದ ಸಂಜೆ ಏಳಕ್ಕೆ ಊಟದ ಟೇಬಲ್ಲೇ ಇಂಟರ್‌ವ್ಯೂ ರೂಮು. ನಾನು, ನನ್ನ ಹೆಂಡತಿ, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರ್. ನಿಯಮ ಒಂದೇ: ಯಾರೂ ನಗಬಾರದು, ತಲೆ ಆಡಿಸಬಾರದು, ಮಧ್ಯೆ ಮಧ್ಯೆ ಸುಮ್ಮನೆ ಬರೆದುಕೊಳ್ಳುತ್ತಿರಬೇಕು. ಹೆಡ್‌ಮಾಸ್ಟರಿಗೆ ಅಭ್ಯಾಸವೇ ಬೇಕಾಗಲಿಲ್ಲ. ಅವರು ಹುಟ್ಟಾ ಕಲ್ಲು ಮುಖ.

ಮೊದಲ ಸಂಜೆ ನಲವತ್ತು ಸೆಕೆಂಡಿಗೆ ನಿಂತುಹೋದ. 'ಆಗಲ್ಲ ಮಾವ' ಅಂದ. ಆಗ ನಾನು ನಾವು ಬರೆದುಕೊಂಡಿದ್ದ ಹಾಳೆಗಳನ್ನು ಅವನ ಮುಂದೆ ಇಟ್ಟೆ. ನನ್ನದರಲ್ಲಿ 'ಗ್ಯಾಸ್ ಬುಕ್ ಮಾಡಬೇಕು, ಹಾಲು ಎರಡು ಪ್ಯಾಕೆಟ್' ಅಂತ ಇತ್ತು. ಹೆಡ್‌ಮಾಸ್ಟರ್ ಒಂದು ಬಾತುಕೋಳಿ ಬಿಡಿಸಿದ್ದರು. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಲ್ಲೇ ಒಂದು ತಪ್ಪೊಪ್ಪಿಗೆಯನ್ನೂ ಹೇಳಿದೆ. ಕಂಪನಿಯಲ್ಲಿ ಇಂಟರ್‌ವ್ಯೂ ಅಂದರೆ ನಮಗೆ ಎರಡು ಮೀಟಿಂಗ್ ಮಧ್ಯದ ಕೆಲಸ. ಎಷ್ಟೋ ಸಲ ಹುಡುಗ ಬಾಗಿಲು ತೆಗೆಯುವಾಗಲೇ ಅವನ ರೆಸ್ಯೂಮೆಯನ್ನು ಮೊದಲ ಸಲ ನೋಡುತ್ತಿರುತ್ತೇನೆ. ಅವನು ಮಾತಾಡುವಾಗ ನಾನು ಬರೆದುಕೊಂಡದ್ದು ಎಷ್ಟೋ ಸಲ ಅವತ್ತಿನ ಡಿಸ್ಪ್ಯಾಚ್ ಲೆಕ್ಕ. ಮುಖ ಬಿಗಿಯಾಗಿರೋದು ಕಸ್ಟಮರ್ ಫೋನು ಬರಬಹುದು ಅನ್ನೋ ಚಿಂತೆಗೆ. ಆ ಕಡೆ ಕೂತ ಹುಡುಗ ಅದನ್ನು ತನ್ನ ಮಾರ್ಕ್ಸು ಅಂದುಕೊಂಡಿರುತ್ತಾನೆ! ಎಷ್ಟು ಮಕ್ಕಳು ಹಾಗೆ ಅಂದುಕೊಂಡು ಎದ್ದು ಹೋದರೋ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಕಸಿವಿಸಿ ಆಗುತ್ತಿದೆ.

ಐದನೇ ಸಂಜೆ ಫೋನಿನಲ್ಲಿ ವಿಡಿಯೋ ಮಾಡಿದೆವು. ಮುಗಿದ ಮೇಲೆ ಕೇಳಿದೆ, ಹೇಗಿತ್ತು ಅಂತ. 'ಕೈ ನಡುಗ್ತಿತ್ತು, ಧ್ವನಿ ನಡುಗ್ತಿತ್ತು, ಎಲ್ರಿಗೂ ಕಾಣ್ತಿತ್ತು' ಅಂದ. ವಿಡಿಯೋ ಹಾಕಿದೆ. ಕೈ ಟೇಬಲ್ ಮೇಲೆ ತಣ್ಣಗೆ ಇತ್ತು. ಧ್ವನಿ ಶುರುವಿನಲ್ಲಿ ಚೂರು ತಡವರಿಸಿತು, ಅಷ್ಟೇ. ಅವನು ಅದನ್ನು ಮೂರು ಸಲ ಹಾಕಿಸಿ ನೋಡಿದ. ಒಳಗಿನ ಭಯ ಹೊರಗೆ ಎಲ್ಲರಿಗೂ ಕಾಣುತ್ತದೆ ಅಂತ ನಮಗೆ ಅನ್ನಿಸುತ್ತದೆ, ನಿಜವಾಗಿ ಅಷ್ಟು ಕಾಣಲ್ಲ. ಕೆನೆತ್ ಸವಿಟ್‌ಸ್ಕಿ, ಥಾಮಸ್ ಗಿಲೊವಿಚ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಭಾಷಣಕ್ಕೆ ಮುಂಚೆ 'ನಿಮ್ಮ ಹೆದರಿಕೆ ನೀವು ಅಂದುಕೊಂಡಷ್ಟು ಹೊರಗೆ ಕಾಣಲ್ಲ' ಅಂತ ಹೇಳಿಸಿಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಆ ಮಾತು ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ, ನಿಜ ಅನ್ನೋದಕ್ಕೇ ಅದಕ್ಕೆ ಬಲ.

1022ರ ಲೆಕ್ಕವನ್ನೂ ಒಂದು ಸಂಜೆ ಆಡಿದೆವು. 1009, 996, 983... ಹುಡುಗ ಅಲ್ಲಿ ನಿಂತ. ನನ್ನ ಸರದಿ ಬಂದಾಗ ನಾನೂ ಅಲ್ಲೇ ನಿಂತೆ. ನನ್ನ ಹೆಂಡತಿ ಚೀಟಿ ದುಡ್ಡಿನ ಲೆಕ್ಕ ಇಡುವವಳು, ಸರಸರ ಇಳಿಸಿಕೊಂಡು ಹೋದಳು.

ಕಬಡ್ಡಿ ಉಸಿರು

ಇಷ್ಟಾದರೂ ಎದೆ ಹೊಡೆದುಕೊಳ್ಳೋದು ನಿಲ್ಲಲಿಲ್ಲ. 'ಧೈರ್ಯವಾಗಿರು, ಸಮಾಧಾನ ಮಾಡ್ಕೊ' ಅಂತ ಅಕ್ಕ ಫೋನಿನಲ್ಲಿ ಹೇಳಿದಷ್ಟೂ ಜಾಸ್ತಿ ಆಗುತ್ತಿತ್ತು. ಒಂದು ರಾತ್ರಿ ಕೇಳಿದೆ, 'ರೈಡ್‌ಗೆ ಹೋಗೋ ಮುಂಚೆ ಎದೆ ಹೊಡ್ಕೊಳಲ್ವೇನೋ?' ಅಂತ.

'ಹೊಡ್ಕೊಳುತ್ತೆ. ಅದು ಬೇರೆ.'

'ಏನು ಬೇರೆ?'

ಯೋಚನೆ ಮಾಡಿದ. 'ಅದು ಜೋಶ್ ಮಾವ.'

ಮೈಗೆ ಎರಡರ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಅಲ್ಲೂ ಅಡ್ರಿನಲಿನ್, ಇಲ್ಲೂ ಅಡ್ರಿನಲಿನ್. ಹೆಸರು ಇಡೋದು ನಾವು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಹೇಳುತ್ತವೆ. ಹಾಡೋಕೆ, ಭಾಷಣಕ್ಕೆ, ಲೆಕ್ಕ ಮಾಡೋಕೆ ಮುಂಚೆ 'ನಾನು ಶಾಂತವಾಗಿದ್ದೇನೆ' ಅಂದುಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಅಂದುಕೊಂಡವರು ಚೆನ್ನಾಗಿ ಮಾಡಿದರು. ನನಗೆ ಇದು ಸರಿ ಅನ್ನಿಸುತ್ತದೆ. ಓಡುತ್ತಿರುವ ಎತ್ತನ್ನು ಗಕ್ಕನೆ ನಿಲ್ಲಿಸೋದಕ್ಕಿಂತ ಬೇಕಾದ ಕಡೆ ತಿರುಗಿಸೋದು ಸುಲಭ.

ಕಬಡ್ಡಿಯಿಂದ ಇನ್ನೊಂದು ಉಪಯೋಗವೂ ಆಯಿತು. ಉಸಿರು ಒಳಗೆ ಎಳೆದಾಗ ಎದೆಬಡಿತ ಚೂರು ಜೋರಾಗುತ್ತದೆ, ಹೊರಗೆ ಬಿಡುವಾಗ ಚೂರು ನಿಧಾನವಾಗುತ್ತದೆ. ವೇಗಸ್ ಅನ್ನೋ ನರದ ಕೆಲಸ ಅದು. ಅದಕ್ಕೇ ಉದ್ದಕ್ಕೆ ಉಸಿರು ಬಿಟ್ಟರೆ ಎದೆ ತಹಬಂದಿಗೆ ಬರೋದು. ಕಬಡ್ಡಿ ಆಡುವವನಿಗೆ ಇದನ್ನು ಕಲಿಸಬೇಕಾ? ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅಂತ ಎಳೆದು ಎಳೆದು ಅಭ್ಯಾಸ. ಇಂಟರ್‌ವ್ಯೂಗೆ ಕಾಯುವಾಗ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹಾಗೆ ಹೇಳಿಕೊಳ್ಳುತ್ತಾ ಉಸಿರು ಬಿಡೋದು ಅಂತ ಅವನೇ ಮಾಡಿಕೊಂಡ.

ಕೆಲಸಕ್ಕೆ ಬಾರದ್ದು ಒಂದಿತ್ತು. ಬಾತ್‌ರೂಮಿನಲ್ಲಿ ಎರಡು ನಿಮಿಷ ಸೊಂಟದ ಮೇಲೆ ಕೈ ಇಟ್ಟುಕೊಂಡು ಎದೆ ಉಬ್ಬಿಸಿ ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಅನ್ನೋ ವಿಡಿಯೋ ಒಂದನ್ನು ಗೆಳೆಯ ಕಳಿಸಿದ್ದ. 2010ರಲ್ಲಿ 42 ಜನರ ಮೇಲೆ ಮಾಡಿದ ಅಧ್ಯಯನ ಅದು. 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನು ಬದಲಾಗಲೇ ಇಲ್ಲ. ಮೊದಲ ಅಧ್ಯಯನ ಮಾಡಿದವರಲ್ಲೇ ಒಬ್ಬರಾದ ಡೇನಾ ಕಾರ್ನಿ 2016ರಲ್ಲಿ, ತನಗೆ ಈಗ ಇದರಲ್ಲಿ ನಂಬಿಕೆ ಇಲ್ಲ ಅಂತ ಬರೆದರು. ಇವನು ಮಾತ್ರ ಎರಡು ದಿನ ನಿಂತಿದ್ದ. ಮೂರನೇ ದಿನ ಅಜ್ಜಿ ಬಾಗಿಲು ಬಡಿದು 'ಯಾಕೋ, ಹೊಟ್ಟೆ ಕೆಟ್ಟಿದೆಯಾ?' ಅಂದರು. ಅಲ್ಲಿಗೆ ಬಿಟ್ಟ. ಅಜ್ಜಿ ಕೊಟ್ಟ ಆಂಜನೇಯನ ಕುಂಕುಮದ ಪೊಟ್ಟಣ ಮಾತ್ರ ಜೇಬಿನಲ್ಲಿ ಉಳಿಯಿತು. ಅದನ್ನು ಯಾವ ಅಧ್ಯಯನದಲ್ಲೂ ಪರೀಕ್ಷೆ ಮಾಡಬೇಕಾಗಿಲ್ಲ.

ಆ ದಿನ

ನಾಲ್ಕನೇ ಇಂಟರ್‌ವ್ಯೂ ಮತ್ತೆ ಪೀಣ್ಯದಲ್ಲೇ, ಬೇರೆ ಕಂಪನಿ, ಕ್ವಾಲಿಟಿ ಇನ್‌ಸ್ಪೆಕ್ಟರ್ ಟ್ರೈನಿ ಕೆಲಸ. ನನಗೆ ಅಲ್ಲಿ ಯಾರ ಪರಿಚಯವೂ ಇರಲಿಲ್ಲ. ಇದ್ದಿದ್ದರೂ ಹೇಳಬೇಡಿ ಅಂತ ಹುಡುಗ ಮೊದಲೇ ಅಂದಿದ್ದ. ರಾತ್ರಿ ಹತ್ತಕ್ಕೆ ಮಲಗಿದ. ಬೆಳಗ್ಗೆ ಎರಡು ಇಡ್ಲಿ, ಒಂದೇ ಕಾಫಿ. ಒಳಗೆ ಏನಾಯಿತು ಅಂತ ಸಂಜೆ ಅವನು ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಎದುರಿಗೆ ಮೂರು ಜನ. ಎಚ್‌ಆರ್‌ನ ಒಬ್ಬ ಮೇಡಂ, ಕ್ವಾಲಿಟಿ ಮ್ಯಾನೇಜರ್, ಇನ್ನೊಬ್ಬರು ವಯಸ್ಸಾದವರು. ಮ್ಯಾನೇಜರ್ ಒಂದು ಸಲವೂ ನಗಲಿಲ್ಲ. 'ನಮ್ಮ ಹೆಡ್‌ಮಾಸ್ಟರ್ ಥರಾನೇ ಮಾವ' ಅಂದ. ಪರಿಚಯ ಹೇಳುವಾಗ ಪಂಪಿನ ಕಥೆ ಬಂತು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಯಾರೂ ತಡೆಯಲಿಲ್ಲ.

ಆಮೇಲೆ ಮ್ಯಾನೇಜರ್ ಡ್ರಾಯರ್ ಎಳೆದು ಒಂದು ವರ್ನಿಯರ್, ಒಂದು ಟರ್ನಿಂಗ್ ಆದ ಪಿನ್ನು, ಒಂದು ಡ್ರಾಯಿಂಗ್ ಮುಂದಿಟ್ಟರು. ಡ್ರಾಯಿಂಗಿನಲ್ಲಿ 25 ಮಿಲಿಮೀಟರ್, ಪ್ಲಸ್ ಆರ್ ಮೈನಸ್ 0.05. ಅಂದರೆ 24.95ರಿಂದ 25.05ರ ಒಳಗಿದ್ದರೆ ಓಕೆ. 'ಓಕೆನಾ, ರಿಜೆಕ್ಟಾ?' ಅಂದರು. ಕೈಗೆ ವರ್ನಿಯರ್ ಬಂದ ತಕ್ಷಣ ಅರ್ಧ ಭಯ ಹೋಯಿತಂತೆ. ಪಿನ್ನು ಹಿಡಿದು ಅಳೆದ. ಮೇಲಿನ ಪಟ್ಟಿಯಲ್ಲಿ 25, ಕೆಳಗಿನ ಪಟ್ಟಿಯಲ್ಲಿ ಮೂರನೇ ಗೆರೆ ಕೂಡಿತ್ತು. 25.06. ರಿಜೆಕ್ಟ್ ಅನ್ನೋಕೆ ಬಾಯಿ ತೆರೆದ. ಮ್ಯಾನೇಜರ್ ಅಷ್ಟರಲ್ಲಿ ಏನೋ ಬರೆದುಕೊಳ್ಳೋಕೆ ಶುರು ಮಾಡಿದರು.

ಹಿಂದೆ ಬಿದ್ದ ಜಾಗ ಇದೇ. ಒಂದು ಉಸಿರು ಉದ್ದಕ್ಕೆ ಬಿಟ್ಟ. ಅವರ ಪೆನ್ನಿನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ವರ್ನಿಯರ್ ಕಡೆ ನೋಡಿದ. 'ಒಂದು ನಿಮಿಷ ಸಾರ್' ಅಂತ ಹೇಳಿ ಪಿನ್ನು ಪಕ್ಕಕ್ಕಿಟ್ಟು, ದವಡೆಗಳನ್ನು ಖಾಲಿ ಮುಚ್ಚಿದ. ಸೊನ್ನೆಗೆ ಸೊನ್ನೆ ಕೂಡಬೇಕಿತ್ತು. ಕೂಡಲಿಲ್ಲ. ಕೆಳಗಿನ ಪಟ್ಟಿಯ ಎರಡನೇ ಗೆರೆ ಕೂಡಿತ್ತು. ಅಂದರೆ ವರ್ನಿಯರೇ 0.04 ಜಾಸ್ತಿ ತೋರಿಸುತ್ತಿತ್ತು. 25.06ರಲ್ಲಿ 0.04 ಕಳೆದರೆ 25.02. ಪಿನ್ನು ಓಕೆ.

'ಜೀರೋ ಎರರ್ ಇದೆ ಸಾರ್. ಪೀಸ್ ಓಕೆ, ವರ್ನಿಯರ್ ರಿಜೆಕ್ಟ್' ಅಂದನಂತೆ. ವಯಸ್ಸಾದವರು ನಕ್ಕರು. ಮ್ಯಾನೇಜರ್ ಆಗಲೂ ನಗಲಿಲ್ಲ.

ಅದಾದ ಮೇಲೆ ಸಿಪಿಕೆ (ತಯಾರಾಗುವ ಪೀಸುಗಳು ಅಳತೆಯ ಮಿತಿಯೊಳಗೆ ಎಷ್ಟು ಚೆನ್ನಾಗಿ ಕೂರುತ್ತವೆ ಅಂತ ಹೇಳುವ ಸಂಖ್ಯೆ) ಲೆಕ್ಕ ಮಾಡೋದು ಹೇಗೆ ಅಂತ ಕೇಳಿದರು. ಗೊತ್ತಿರಲಿಲ್ಲ. 'ಹೆಸರು ಕೇಳಿದ್ದೇನೆ ಸಾರ್, ಲೆಕ್ಕ ಮಾಡಿಲ್ಲ. ಕಂಟ್ರೋಲ್ ಚಾರ್ಟ್ ಮಾತ್ರ ಹಾಕಿದ್ದೇನೆ' ಅಂದ. ಗೊತ್ತಿಲ್ಲ ಅಂತ ಹೇಳಿ, ಅದರ ಹತ್ತಿರದ ಗೊತ್ತಿರುವ ಒಂದನ್ನು ಹೇಳೋದನ್ನು ನಾವು ಅಭ್ಯಾಸ ಮಾಡಿದ್ದೆವು. ಟೇಬಲ್ಲಿನ ಆ ಕಡೆ ಕೂತವನಾಗಿ ಹೇಳುತ್ತೇನೆ, ಸುತ್ತಿ ಬಳಸಿ ಸುಳ್ಳು ಉತ್ತರ ಕೊಡುವವನನ್ನು ನಾವು ಕ್ವಾಲಿಟಿಗೆ ತಗೊಳ್ಳಲ್ಲ. ಅಂಥವನು ನಾಳೆ ರಿಪೋರ್ಟಿನಲ್ಲೂ ಹಾಗೇ ಬರೆಯುತ್ತಾನೆ. ಕ್ಯಾಂಪಸ್ಸಿನಲ್ಲಿ ಯಾಕೆ ಆಗಲಿಲ್ಲ ಅಂತ ಮೇಡಂ ಕೇಳಿದಾಗ ಮಾತ್ರ ಒಂದಷ್ಟು ಹೊತ್ತು ಏನೂ ತೋಚಲಿಲ್ಲವಂತೆ. ನೀರು ಕುಡಿದ. 'ಹೆದರಿಕೊಂಡಿದ್ದೆ ಮೇಡಂ' ಅಂದ. ಅವರು ಅದಕ್ಕೆ ಇನ್ನೇನೂ ಕೇಳಲಿಲ್ಲ.

ಹತ್ತು ದಿನ ಬಿಟ್ಟು ಆರ್ಡರ್ ಬಂತು.

ನಾವು ಮರೆತದ್ದು

ಅವನು ಈಗ ಅಲ್ಲಿ ಆರು ತಿಂಗಳಿಂದ ಇದ್ದಾನೆ. ಮ್ಯಾನೇಜರ್ ಕೆಲಸದ ದಿನಗಳಲ್ಲೂ ನಗಲ್ಲವಂತೆ, ಅವರ ಮುಖ ಇರೋದೇ ಹಾಗೆ. ಆ ವರ್ನಿಯರ್ ಬೇಕಂತಲೇ ಹಾಳಾದದ್ದು, ಇಂಟರ್‌ವ್ಯೂಗೆ ಅಂತಲೇ ಡ್ರಾಯರಿನಲ್ಲಿ ಇಟ್ಟಿರುತ್ತಾರೆ ಅಂತಲೂ ಗೊತ್ತಾಯಿತು.

ಎಲ್ಲಾ ಸರಿ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕೊನೆಗೆ ಮೇಡಂ 'ಸಂಬಳ ಎಷ್ಟು ನಿರೀಕ್ಷೆ?' ಅಂತ ಕೇಳಿದ್ದರು. 'ನೀವು ಎಷ್ಟು ಕೊಟ್ರೂ ಸರಿ ಮೇಡಂ' ಅಂದುಬಿಟ್ಟಿದ್ದ. ಅದೇ ವಾರ ಸೇರಿದ ಇನ್ನೊಬ್ಬ ಹುಡುಗ, ಅದೇ ಡಿಪ್ಲೊಮಾ, ಅದೇ ಕೆಲಸ, ಬಾಯಿಬಿಟ್ಟು ಕೇಳಿದ್ದಕ್ಕೆ ತಿಂಗಳಿಗೆ 1,500 ರೂಪಾಯಿ ಜಾಸ್ತಿ ತಗೊಳ್ಳುತ್ತಿದ್ದಾನೆ. ಅಷ್ಟೂ ಸಂಜೆಯಲ್ಲಿ ಆ ಒಂದು ಪ್ರಶ್ನೆಯನ್ನು ನಾವು ಮೂವರಲ್ಲಿ ಯಾರೂ ಕೇಳಿರಲಿಲ್ಲ. ನನಗೇ ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳೋಕೆ ಬರಲ್ಲ, ಅದಕ್ಕೇ ನೆನಪಾಗಲಿಲ್ಲವೋ ಏನೋ.

ವಿಷಯ ಗೊತ್ತಾದಾಗ ಭಾವ ಬೈದರು, ಮಗನಿಗಲ್ಲ, ನನಗೆ. 'ಕೊಬ್ಬರಿ ತೋರ್ಸೋದು ಕಲಿಸಿ ರೇಟು ಕೇಳೋದು ಕಲಿಸ್ದೆ ಕಳಿಸಿದ್ಯಲ್ಲಯ್ಯ!' ಮುಂದಿನ ತಿಂಗಳು ಇವನ ಟ್ರೈನಿಂಗ್ ಮುಗಿಯುತ್ತದೆ, ಸಂಬಳದ ಮಾತು ಮತ್ತೆ ಬರುತ್ತದೆ. ಈ ಶನಿವಾರದಿಂದ ಸಂಜೆ ಏಳಕ್ಕೆ ಮತ್ತೆ ಊಟದ ಟೇಬಲ್ ಹತ್ತಿರ ಸೇರುತ್ತಿದ್ದೇವೆ. ಹೆಡ್‌ಮಾಸ್ಟರ್ ಆಗಲೇ ಒಂದು ಹೊಸ ನೋಟ್‌ಬುಕ್ ತಂದಿಟ್ಟಿದ್ದಾರೆ.